ಲಿಫ್ಟ್ ಎಲ್ಲಿ ನಿಲ್ಲಬೇಕು? ಮ್ಯಾನ್‌ಹ್ಯಾಟನ್‌ನ ಒಂದು ಹಳೇ ಮನೆಯ ಪ್ರಕರಣ

ನ್ಯೂಯಾರ್ಕಿನಲ್ಲಿ ಹಳೇ ಕಟ್ಟಡಗಳ ರಿಪೇರಿಯನ್ನೇ ಹೆಚ್ಚಾಗಿ ಮಾಡುವ ಒಂದು ಸಣ್ಣ ಆರ್ಕಿಟೆಕ್ಟ್ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಕ್ಷೆ ಬಿಡಿಸುವುದಕ್ಕಿಂತ ಹಳೇ ದಾಖಲೆ ಹುಡುಕುವುದು, ಅರ್ಜಿ ತಯಾರು ಮಾಡುವುದು ನನ್ನ ಪಾಲಿಗೆ ಜಾಸ್ತಿ. ಇಲ್ಲಿ ಬರೆದಿರುವುದು ಅಪ್ಪರ್ ಈಸ್ಟ್ ಸೈಡ್‌ನ ಒಂದು ಮನೆಯ ಪ್ರಕರಣ. ಬೀದಿ, ಮನೆ ನಂಬರ್, ಮಾಲೀಕರ ಗುರುತು ಸಿಗುವ ವಿವರ ಎಲ್ಲ ಬಿಟ್ಟಿದ್ದೇನೆ. ಇಂಥ ಮನೆಗಳ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಹೇಗೆ ಬಿಡಿಸಿಕೊಳ್ಳುತ್ತದೆ ಎಂದು ತಿಳಿಯಲು ಇದೊಂದು ಸಾಕು.

ಮನೆ

ಐದನೇ ಅವೆನ್ಯೂದಿಂದ ಸ್ವಲ್ಪ ಒಳಗೆ, ಸೆಂಟ್ರಲ್ ಪಾರ್ಕಿಗೆ ನಡೆದುಕೊಂಡು ಹೋಗುವಷ್ಟು ದೂರ. ಸೈಟಿನ ಅಗಲ 25 ಅಡಿಗಿಂತ ಸ್ವಲ್ಪ ಕಡಿಮೆ, ಉದ್ದ ಸುಮಾರು 100 ಅಡಿ. ಎರಡೂ ಪಕ್ಕದ ಗೋಡೆ ನೆರೆಮನೆಗಳಿಗೆ ಅಂಟಿಕೊಂಡಿದೆ. ಹಾಗಾಗಿ ಬೀದಿಗೆ ಕಾಣುವುದು ಮುಂದಿನ ಗೋಡೆ ಮತ್ತು ಛಾವಣಿಯ ಅಂಚು, ಅಷ್ಟೇ.

ಈ ಮನೆ ಹುಟ್ಟಿದಾಗ ಹೀಗಿರಲಿಲ್ಲ. 1880ರ ದಶಕದಲ್ಲಿ ಕಂದು ಕಲ್ಲಿನ ಸಾಧಾರಣ ಸಾಲುಮನೆಯಾಗಿ ಕಟ್ಟಿದ್ದು. ಬೀದಿಯಿಂದ ಒಂದಷ್ಟು ಮೆಟ್ಟಿಲು ಹತ್ತಿ ಬಾಗಿಲು ಮುಟ್ಟುವ ನಮೂನೆ. 1900ರ ಹೊತ್ತಿಗೆ ಆ ನಮೂನೆ ದುಡ್ಡಿದ್ದವರಿಗೆ ಬೇಸರ ತರಿಸಿತ್ತು. ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿ ಕಲಿತು ಬಂದ ಆರ್ಕಿಟೆಕ್ಟ್‌ಗಳಿಗೆ ಆಗ ಒಳ್ಳೇ ಬೇಡಿಕೆ. 1893ರ ಶಿಕಾಗೋ ಮೇಳದ ಬಿಳಿ ಕಟ್ಟಡಗಳನ್ನು ನೋಡಿ ಬಂದವರಿಗೆ ಕಂದು ಕಲ್ಲು ಮಂಕಾಗಿ ಕಂಡಿರಬೇಕು. ಒಬ್ಬ ಬಿಲ್ಡರ್ ಈ ಸಾಲಿನಲ್ಲಿ ಎರಡು ಮನೆ ಕೊಂಡು, ಮುಂದಿನ ಗೋಡೆ ಕೆಡವಿ, ಇಂಡಿಯಾನಾ ರಾಜ್ಯದ ಸುಣ್ಣಕಲ್ಲಿನಲ್ಲಿ ಹೊಸ ಮುಖ ಕಟ್ಟಿಸಿ ಮಾರಿದ. ಆ ಎರಡರಲ್ಲಿ ಒಂದು ನಮ್ಮ ಪ್ರಕರಣದ ಮನೆ, ಇನ್ನೊಂದರ ಮಾತು ಮುಂದೆ ಬರುತ್ತದೆ.

ಕೆಳಗೆ ಗೆರೆ ಕೊರೆದ ದಪ್ಪ ಕಲ್ಲು, ಬೀದಿ ಮಟ್ಟದಲ್ಲೇ ಬಾಗಿಲು. ಅದರ ಮೇಲೆ ಎತ್ತರದ ಕಿಟಕಿಗಳು, ಅವುಗಳ ಮುಂದೆ ಕಲ್ಲಿನ ಬಾಲ್ಕನಿ, ಕಬ್ಬಿಣದ ಕಟಾಂಜನ. ತುದಿಯಲ್ಲಿ ಸ್ಲೇಟು ಹೊದಿಸಿದ ಇಳಿಜಾರಿನ ಮ್ಯಾನ್ಸಾರ್ಡ್ ಛಾವಣಿ, ಅದರಲ್ಲಿ ದುಂಡು ತಲೆಯ ಕಿಟಕಿಗಳು. ಒಳಗೆ ಮನೆಯ ನಡುಮಧ್ಯದಲ್ಲಿ ಸುತ್ತಿಕೊಂಡು ಏರುವ ಮೆಟ್ಟಿಲು, ಅದರ ನೆತ್ತಿಗೆ ಮೊಟ್ಟೆಯಾಕಾರದ ಬೆಳಕಿಂಡಿ. ಇಂಥದ್ದನ್ನು ನೋಡಬೇಕೆಂದರೆ ಮೆಟ್ರೊಪಾಲಿಟನ್ ಮ್ಯೂಸಿಯಂ ಎದುರು, 82ನೇ ಬೀದಿಯ ಮೂಲೆಯಲ್ಲಿರುವ ಡ್ಯೂಕ್ ಹೌಸ್‌ನ ಫೋಟೋ ನೋಡಿ. ಅದು 1899ರಿಂದ 1901ರವರೆಗೆ ಕಟ್ಟಿದ್ದು, 1974ರಲ್ಲಿ ಲ್ಯಾಂಡ್‌ಮಾರ್ಕ್, ಅಂದರೆ ನಗರದ ಕಾನೂನು ಕಾಯುವ ಕಟ್ಟಡ, ಆಯಿತು. ನಮ್ಮ ಪ್ರಕರಣದ ಮನೆ ಅಷ್ಟು ದೊಡ್ಡದಲ್ಲ, ಆದರೆ ಜಾತಿ ಅದೇ.

ಡ್ಯೂಕ್ ಹೌಸ್‌ಗೆ ತನ್ನದೇ ಹೆಸರಿನಲ್ಲಿ ಲ್ಯಾಂಡ್‌ಮಾರ್ಕ್ ಪಟ್ಟ ಇದೆ. ನಮ್ಮ ಮನೆಗೆ ಹಾಗಿಲ್ಲ. ಅದು 1981ರಲ್ಲಿ ಘೋಷಣೆಯಾದ ಅಪ್ಪರ್ ಈಸ್ಟ್ ಸೈಡ್ ಹಿಸ್ಟಾರಿಕ್ ಡಿಸ್ಟ್ರಿಕ್ಟ್‌ನ ಒಳಗೆ ಬರುತ್ತದೆ, ಅಂದರೆ ರಕ್ಷಣೆ ಇಡೀ ಏರಿಯಾಕ್ಕೆ. ಕೊಳ್ಳುವವರು ತುಂಬಾ ಜನ ಇಲ್ಲೇ ಎಡವುತ್ತಾರೆ. ‘ನಮ್ಮ ಮನೆ ಲ್ಯಾಂಡ್‌ಮಾರ್ಕ್ ಅಲ್ಲ, ಏರಿಯಾ ಮಾತ್ರ’ ಅಂದುಕೊಳ್ಳುತ್ತಾರೆ. ಹೊರಗೋಡೆಗೆ ಕೈ ಹಾಕುವ ವಿಷಯದಲ್ಲಿ ಎರಡಕ್ಕೂ ಅನುಮತಿ ಬೇಕು. ನಗರದಲ್ಲಿ ಈ ಕಾನೂನಿನ ಕೆಳಗೆ 37,000ಕ್ಕೂ ಹೆಚ್ಚು ಕಟ್ಟಡ, ಜಾಗಗಳಿವೆ. ಅವುಗಳಲ್ಲಿ ಬಹುಪಾಲು ಹೀಗೆ ಡಿಸ್ಟ್ರಿಕ್ಟ್ ಮೂಲಕ ಬಂದವೇ.

ಕಾನೂನು ಬಂದ ಸಂದರ್ಭವನ್ನೂ ಎರಡು ಮಾತಿನಲ್ಲಿ ಹೇಳಬೇಕು. 1963ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ ಕೆಡವಲು ಶುರುಮಾಡಿದಾಗ ಜನ ಬೀದಿಯಲ್ಲಿ ನಿಂತು ಪ್ರತಿಭಟಿಸಿದರು, ತಡೆಯಲು ಯಾವ ಕಾನೂನೂ ಇರಲಿಲ್ಲ. 1965ರ ಫೆಬ್ರುವರಿಯಲ್ಲಿ ಐದನೇ ಅವೆನ್ಯೂ ಮತ್ತು 79ನೇ ಬೀದಿಯ ಮೂಲೆಯ ಬ್ರೋಕಾ ಬಂಗಲೆಯನ್ನು ಒಂದು ಶನಿವಾರ ಕೆಡವಲು ಶುರುಮಾಡಿದರು. ಆ ವರ್ಷ ಏಪ್ರಿಲ್ 19ಕ್ಕೆ ಮೇಯರ್ ವ್ಯಾಗ್ನರ್ ಲ್ಯಾಂಡ್‌ಮಾರ್ಕ್ ಕಾನೂನಿಗೆ ಸಹಿ ಹಾಕಿದರು.

ಕೊಂಡ ಮೇಲೆ ಗೊತ್ತಾದದ್ದು

ಮನೆ ಕೊಂಡವರು ಗಂಡ ಹೆಂಡತಿ, ಜೊತೆಗೆ ಹೆಂಡತಿಯ ತಾಯಿ. ಅಜ್ಜಿಗೆ ಎಂಬತ್ತು ದಾಟಿತ್ತು, ಮಂಡಿ ನೋವು. ಐದು ಅಂತಸ್ತಿನ ಮನೆಯಲ್ಲಿ ಲಿಫ್ಟ್ ಇರಲಿಲ್ಲ. ಅವರ ಪಟ್ಟಿಯಲ್ಲಿ ಮೊದಲು ಇದ್ದದ್ದು ಲಿಫ್ಟ್. ಎರಡನೆಯದು ಛಾವಣಿಯ ಮೇಲೆ ಒಂದು ಗಾಜಿನ ರೂಮು, ಮುಂದೆ ಟೆರೇಸು, ಅಲ್ಲಿಂದ ಪಾರ್ಕ್ ಕಾಣಬೇಕು. ಲಿಫ್ಟ್ ಅಲ್ಲಿಯವರೆಗೂ ಹೋಗಬೇಕು.

ನಮ್ಮ ಕಚೇರಿ ಇಂಥ ಕೆಲಸ ಒಪ್ಪಿಕೊಂಡ ಕೂಡಲೇ ಒಬ್ಬ ಎಕ್ಸ್‌ಪಿಡೈಟರ್‌ನನ್ನು ಕಡತ ನೋಡಲು ಕಳಿಸುತ್ತದೆ. ಸರ್ಕಾರಿ ಕಚೇರಿಗಳ ಕಾಗದ ಓಡಿಸುವುದೇ ಅವನ ಕಸುಬು. ಅವನು ತಂದ ಸುದ್ದಿ ಇದು. ಮನೆಯ ಮೇಲೆ ಲ್ಯಾಂಡ್‌ಮಾರ್ಕ್ಸ್ ಕಮಿಷನ್‌ನ (ಈ ಕಾನೂನು ನೋಡಿಕೊಳ್ಳುವ ನಗರದ ಸಂಸ್ಥೆ) ಹಳೇ ವಯಲೇಷನ್, ಅಂದರೆ ಕಾನೂನು ಮುರಿದ ದಾಖಲೆ, ಇದೆ. ಅನುಮತಿ ಇಲ್ಲದೆ ಮುಂದಿನ ಗೋಡೆಯ ಮೂರು ಮಹಡಿಗಳಿಗೆ ಅಲ್ಯೂಮಿನಿಯಂ ಕಿಟಕಿ ಹಾಕಿದ್ದಾರೆ, ಮುಂಬಾಗಿಲನ್ನೂ ಬದಲಾಯಿಸಿದ್ದಾರೆ. ಮಾಡಿದ್ದು ಹಿಂದಿನ ಮಾಲೀಕರು. ಆದರೆ ವಯಲೇಷನ್ ಮನೆಯ ಜೊತೆ ಬರುತ್ತದೆ, ಮಾಡಿದವರ ಜೊತೆ ಹೋಗುವುದಿಲ್ಲ. ಅದನ್ನು ಸರಿಪಡಿಸುವ ದಾರಿ ತೋರಿಸದೆ ಬೇರೆ ಕೆಲಸಕ್ಕೆ ಅನುಮತಿ ಸಿಗುವುದು ಕಷ್ಟ. ಲಿಫ್ಟ್ ಪೂರ್ತಿ ಒಳಗಿನ ಕೆಲಸವಾದರೂ ಕಟ್ಟಡ ಇಲಾಖೆಯ ಪರ್ಮಿಟ್‌ಗೆ ಮೊದಲು ಲ್ಯಾಂಡ್‌ಮಾರ್ಕ್ಸ್‌ನ ಕಾಗದ ಬೇಕು. ಹೀಗೆ ಕಿಟಕಿಯ ದೆಸೆಯಿಂದ ಅಜ್ಜಿಯ ಲಿಫ್ಟ್ ನಿಂತಿತು.

ಮನೆ ಕೊಳ್ಳುವಾಗ ವಕೀಲರು ನೋಡಲಿಲ್ಲವೇ? ಕಟ್ಟಡ ಇಲಾಖೆಯ ಪಟ್ಟಿ ನೋಡಿದ್ದರು, ಅದು ಶುದ್ಧವಾಗಿತ್ತು. ಲ್ಯಾಂಡ್‌ಮಾರ್ಕ್ಸ್ ಪಟ್ಟಿ ಬೇರೆ ಎಂಬುದು ಯಾರ ತಲೆಗೂ ಹೋಗಿರಲಿಲ್ಲ. ಗೊತ್ತಿದ್ದರೆ ಕಿಟಕಿಗೆ ಬೇಕಾದಷ್ಟು ದುಡ್ಡನ್ನು ಮಾರುವವರ ಹಣದಿಂದ ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಕೈಯಲ್ಲಿ, ಹಿಡಿದಿಡಬಹುದಿತ್ತು. ನೋಂದಣಿ ಮುಗಿದ ಮೇಲೆ ಅದನ್ನೆಲ್ಲ ಕೇಳಲು ಯಾರಿದ್ದಾರೆ?

ಜಗಳವೋ, ಫೋಟೋವೋ

ಯಜಮಾನರಿಗೆ ಸಿಟ್ಟು ಬಂತು. ಬರದೇ ಇರುತ್ತಾ? ದುಡ್ಡು ನಮ್ಮದು, ಗೋಡೆ ನಮ್ಮದು, ಕಿಟಕಿ ಯಾವುದಿರಬೇಕು ಅಂತ ಹೇಳಲು ಇವರ್ಯಾರು ಎಂದರು. ಕೋರ್ಟಿಗೆ ಹೋಗೋಣ ಎಂಬ ಮಾತೂ ಬಂತು. ಭೂಮಿ ವ್ಯವಹಾರದ ಒಬ್ಬ ವಕೀಲರನ್ನು ಕೇಳಿದಾಗ ಅವರು ಆ ಬಾಗಿಲು 1978ರಲ್ಲೇ ಮುಚ್ಚಿದೆ ಎಂದರು. ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ ಮೇಲೆ ಗೋಪುರ ಕಟ್ಟಲು ಬಿಡದಿದ್ದಕ್ಕೆ ಪೆನ್ ಸೆಂಟ್ರಲ್ ಕಂಪನಿ ನಗರದ ಮೇಲೆ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟು 6–3ರಿಂದ ನಗರದ ಪರ ತೀರ್ಪು ಕೊಟ್ಟಿತ್ತು. ಕಷ್ಟದ ಕಾರಣ ಹೇಳಿ ವಿನಾಯಿತಿ ಕೇಳುವ ದಾರಿ ಕಾನೂನಿನಲ್ಲಿದೆ. ಆದರೆ ಅದಕ್ಕೆ ಆಸ್ತಿಯ ಮೌಲ್ಯದ ಮೇಲೆ ವರ್ಷಕ್ಕೆ ಶೇ. 6 ಆದಾಯವೂ ಹುಟ್ಟುವುದಿಲ್ಲ ಎಂದು ತೋರಿಸಬೇಕು. ಬಾಡಿಗೆ ಕಟ್ಟಡಕ್ಕೆ ಆ ಲೆಕ್ಕ ಕೂಡಿಸಬಹುದು, ತಾವೇ ವಾಸಿಸುವ ಮನೆಗೆ ಅದು ಎಲ್ಲಿ ಹೊಂದುತ್ತದೆ?

ಇನ್ನೊಂದು ದಾರಿ, ಇರುವ ಕಿಟಕಿಯನ್ನೇ ಸಕ್ರಮ ಮಾಡಿ ಎಂದು ಕೇಳುವುದು. ಹಾಗೆ ಕೇಳಿದರೆ ಕೆಲಸ ಇನ್ನೂ ಆಗಿಲ್ಲ, ಈಗ ಹೊಸದಾಗಿ ಅನುಮತಿ ಕೇಳುತ್ತಿದ್ದೀರಿ ಎಂಬಂತೆ ನೋಡುತ್ತಾರೆ. ‘ಆಗಲೇ ಹಾಕಿಬಿಟ್ಟಿದ್ದೇವೆ’ ಎಂಬುದಕ್ಕೆ ಬೆಲೆ ಇಲ್ಲ. ಸುಣ್ಣಕಲ್ಲಿನ ಕಮಾನಿನೊಳಗೆ ಚಪ್ಪಟೆ ಅಲ್ಯೂಮಿನಿಯಂ ಚೌಕಟ್ಟು ಯಾರೂ ಒಪ್ಪುವ ಹಾಗಿರಲಿಲ್ಲ.

ಹಾಗಾದರೆ ಉಳಿದದ್ದು ಒಂದೇ ಪ್ರಶ್ನೆ. ಕಿಟಕಿ ಬದಲಾದದ್ದು ಯಾವಾಗ? 1981ಕ್ಕೆ ಮುಂಚೆ ಆಗಿದ್ದರೆ ತಪ್ಪೇ ಅಲ್ಲ, ಘೋಷಣೆಯ ದಿನ ಇದ್ದದ್ದು ಇದ್ದಂತೆ ಇರಬಹುದು. ಆಮೇಲೆ ಆಗಿದ್ದರೆ ಬದಲಾಯಿಸಲೇಬೇಕು.

ಇದಕ್ಕೆ ಉತ್ತರ ವಾದದಲ್ಲಿಲ್ಲ, ಆರ್ಕೈವ್‌ನಲ್ಲಿದೆ. ನ್ಯೂಯಾರ್ಕ್ ನಗರ 1939ರಿಂದ 1941ರ ನಡುವೆ ಕಂದಾಯ ಲೆಕ್ಕಕ್ಕೆಂದು ಪ್ರತಿಯೊಂದು ಕಟ್ಟಡದ ಫೋಟೋ ತೆಗೆಸಿತ್ತು. ಕಪ್ಪು ಬಿಳುಪು ಚಿತ್ರ, ಕಟ್ಟಡದ ಮುಂದೆ ಬ್ಲಾಕ್ ಮತ್ತು ಲಾಟ್ ನಂಬರ್ ಬರೆದ ಹಲಗೆ. 1980ರ ದಶಕದಲ್ಲಿ ಮತ್ತೊಮ್ಮೆ, ಈ ಸಲ ಕಲರ್‌ನಲ್ಲಿ ತೆಗೆಸಿತು. ಎರಡೂ ಈಗ ಮುನ್ಸಿಪಲ್ ಆರ್ಕೈವ್ಸ್‌ನಲ್ಲಿ ಸಿಗುತ್ತವೆ. ಕಂದಾಯದವರು ಸುಮ್ನೆ ತೆಗೆಸಿಟ್ಟ ಈ ಚಿತ್ರಗಳು ಊರಿನ ಹಳೇ ಮನೆಗಳ ಜಾತಕ ಆಗಿಬಿಟ್ಟಿವೆ. ಇವುಗಳ ಜೊತೆಗೆ ಡಿಸ್ಟ್ರಿಕ್ಟ್ ಘೋಷಣೆಯ ವರದಿ ಇರುತ್ತದೆ. ಅದರಲ್ಲಿ ಮನೆ ಮನೆಗೂ ಆರ್ಕಿಟೆಕ್ಟ್ ಯಾರು, ಯಾವ ವರ್ಷ, ಏನೇನು ಬದಲಾಗಿದೆ ಎಂದು ಚಿಕ್ಕದಾಗಿ ಬರೆದಿರುತ್ತಾರೆ.

ಮೂರನ್ನೂ ಮೇಜಿನ ಮೇಲೆ ಇಟ್ಟು ನೋಡಿದೆವು. 1940ರ ಚಿತ್ರದಲ್ಲಿ ಎಲ್ಲ ಕಡೆ ಮರದ ಜೋಡಿ ಬಾಗಿಲಿನ ಕಿಟಕಿಗಳು, ಮೇಲೆ ಸಣ್ಣ ಸಣ್ಣ ಗಾಜಿನ ಪಟ್ಟಿ. 1981ರ ವರದಿಯಲ್ಲಿ ನಾಲ್ಕನೇ ಮಹಡಿಯ ಕಿಟಕಿ ಬದಲಾಗಿದೆ ಎಂಬ ಅರ್ಧ ಸಾಲು. (ಅಮೆರಿಕದ ಲೆಕ್ಕದಲ್ಲಿ ನೆಲಮಟ್ಟವೇ ಒಂದನೇ ಮಹಡಿ.) 1980ರ ದಶಕದ ಕಲರ್ ಫೋಟೋದಲ್ಲಿ ಎರಡು, ಮೂರನೇ ಮಹಡಿಗಳಲ್ಲಿ ಇನ್ನೂ ಮರದ ಕಿಟಕಿಯೇ ಇದೆ. ಲೆಕ್ಕ ಸ್ಪಷ್ಟವಾಯಿತು. ನಾಲ್ಕನೇ ಮಹಡಿಯದು ತಪ್ಪಿಸಿಕೊಂಡಿತು. ಎರಡು ಮತ್ತು ಮೂರನೆಯದು ಸಿಕ್ಕಿಬಿದ್ದವು. ಬಾಗಿಲೂ ಸಿಕ್ಕಿಬಿತ್ತು, ಆ ಚಿತ್ರದಲ್ಲಿ ಕಬ್ಬಿಣ ಮತ್ತು ಗಾಜಿನ ಹಳೇ ಜೋಡಿ ಬಾಗಿಲು ಕಾಣುತ್ತಿತ್ತು.

ಯಜಮಾನರ ಸಿಟ್ಟು ಇಳಿದದ್ದು ಆ ದಿನವೇ. ಯಾರೋ ಅಧಿಕಾರಿ ತಮಗೆ ಬೇಕಾದ್ದು ಹೇಳುತ್ತಿಲ್ಲ, ಇದು ಈ ಮನೆಯದೇ ಕಿಟಕಿ ಎಂದು ಕಣ್ಣಿಗೆ ಕಂಡಿತು. ಅಲ್ಲದೆ ಒಂದು ಮಹಡಿಯ ಖರ್ಚು ಉಳಿದದ್ದೂ ಕಡಿಮೆ ಸಮಾಧಾನವಲ್ಲ.

ಬಾಗಿಲಿನದು ಬೇರೆ ತೊಡಕು. ಹಳೇ ಫೋಟೋ ದೂರದಿಂದ ತೆಗೆದದ್ದು, ಕಬ್ಬಿಣದ ಬಳ್ಳಿ ವಿನ್ಯಾಸ ಮಸುಕು. ಊಹೆ ಮಾಡಿ ‘ಫ್ರೆಂಚ್ ಥರ’ ಬಾಗಿಲು ಮಾಡಿಸುವುದು ಸುಲಭ, ಆದರೆ ಅದು ಅಂಗಡಿ ಮಾಲು ಆಗುತ್ತದೆ. ಆಗ ಅದೇ ಬಿಲ್ಡರ್ ಮಾಡಿದ ಎರಡನೇ ಮನೆ ನೆನಪಾಯಿತು. ವರದಿಯಲ್ಲಿ ಎರಡಕ್ಕೂ ಒಂದೇ ಆರ್ಕಿಟೆಕ್ಟ್, ಒಂದೇ ವರ್ಷ. ಅಲ್ಲಿ ಮೂಲ ಬಾಗಿಲು ಹಾಗೇ ಇತ್ತು. ನೆರೆಯವರ ಒಪ್ಪಿಗೆ ಪಡೆದು ಕಮ್ಮಾರರು ಅದರ ಅಳತೆ ತೆಗೆದುಕೊಂಡರು.

ಛಾವಣಿ ಮೇಲಿನ ಕಿತ್ತಳೆ ಬಲೆ

ಗಾಜಿನ ರೂಮಿನ ವಿಷಯದಲ್ಲಿ ಕಮಿಷನ್ ಕೇಳುವ ಮೊದಲ ಪ್ರಶ್ನೆ ‘ಬೀದಿಯಿಂದ ಕಾಣುತ್ತದಾ?’ ಎಂದು. ಕಾಣದಿದ್ದರೆ ಸಿಬ್ಬಂದಿ ಮಟ್ಟದಲ್ಲೇ ಮುಗಿಯಬಹುದು. ಎದ್ದು ಕಂಡರೆ ಹನ್ನೊಂದು ಕಮಿಷನರುಗಳ ಮುಂದೆ ಸಾರ್ವಜನಿಕ ವಿಚಾರಣೆ, ಅದಕ್ಕೂ ಮುಂಚೆ ಬಡಾವಣೆಯ ಕಮ್ಯೂನಿಟಿ ಬೋರ್ಡ್. ನಕ್ಷೆಯಲ್ಲಿ ಗೆರೆ ಎಳೆದು ಕಾಣುವುದಿಲ್ಲ ಎಂದು ತೋರಿಸಿದರೆ ಸಾಲದು. ಛಾವಣಿಯ ಮೇಲೆ ರೂಮು ಬರುವ ಜಾಗದಲ್ಲಿ ಅಷ್ಟೇ ಎತ್ತರಕ್ಕೆ ಮರದ ಕಂಬ ನಿಲ್ಲಿಸಿ, ಕಿತ್ತಳೆ ಬಣ್ಣದ ಬಲೆ ಕಟ್ಟಬೇಕು. ಆಮೇಲೆ ಎಲ್ಲರೂ ಬೀದಿಗಿಳಿದು ಕತ್ತು ಎತ್ತಿ ನೋಡಬೇಕು.

ಎದುರು ಫುಟ್‌ಪಾತಿನ ನೇರದಿಂದ ಮ್ಯಾನ್ಸಾರ್ಡ್ ಎಲ್ಲವನ್ನೂ ಮರೆಮಾಡಿತ್ತು. ಯಜಮಾನರು ನಗುತ್ತಿದ್ದರು. ಹಾಗೇ ಮುಂದಕ್ಕೆ ನಡೆದೆವು. ಪಕ್ಕದ ಮನೆ ಒಂದು ಅಂತಸ್ತು ಕುಳ್ಳು. ಅದರ ತಲೆಯ ಮೇಲಿಂದ ಕಿತ್ತಳೆ ಬಣ್ಣ ಇಣುಕಿತು. ಇನ್ನು ನಾಲ್ಕು ಹೆಜ್ಜೆಗೆ ಪೂರ್ತಿ ಚೌಕ ಕಂಡಿತು. ಮಧ್ಯೆ ಒಂದು ಮರ ಇತ್ತು. ಯಜಮಾನರು ಅದನ್ನು ತೋರಿಸಿದರು. ಚಳಿಗಾಲಕ್ಕೆ ಎಲೆ ಉದುರುತ್ತದೆ ಎಂದು ಬಂದಿದ್ದ ಸಿಬ್ಬಂದಿ ಮೆಲ್ಲಗೆ ಹೇಳಿದರು.

ಆದರೂ ಅದೇ ನಕ್ಷೆಯನ್ನು ಮುಂದಿಡಬೇಕೆಂದು ಮಾಲೀಕರು ಹಟ ಹಿಡಿದರು. ಕಮ್ಯೂನಿಟಿ ಬೋರ್ಡ್ ಬೇಡ ಎಂದಿತು. ಅದರ ಮಾತು ಸಲಹೆ ಮಾತ್ರ, ಕಮಿಷನ್ ಕೇಳಲೇಬೇಕೆಂದಿಲ್ಲ. ಆದರೆ ವಿಚಾರಣೆಯಲ್ಲಿ ಕಮಿಷನರುಗಳಿಗೂ ಅದೇ ಅನುಮಾನ. ಅವರು ತಿರಸ್ಕರಿಸಲಿಲ್ಲ, ಒಪ್ಪಲೂ ಇಲ್ಲ. ಎತ್ತರ ಇಳಿಸಿ, ಹಿಂದಕ್ಕೆ ಸರಿಸಿ ಮತ್ತೆ ಬನ್ನಿ ಎಂದರು.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇದಾದ ಮೇಲಿನ ಒಂದು ಮೀಟಿಂಗಿನಲ್ಲಿ. ನಮ್ಮ ಹಿರಿಯ ಆರ್ಕಿಟೆಕ್ಟ್ ಬಲೆ ಕಟ್ಟಿದಾಗ ತೆಗೆದ ಫೋಟೋಗಳ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದರು. ಎಲ್ಲಕ್ಕಿಂತ ಎತ್ತರಕ್ಕೆ ಕಾಣುತ್ತಿದ್ದದ್ದು ರೂಮಲ್ಲ, ಲಿಫ್ಟಿನ ತಲೆ. ಲಿಫ್ಟ್ ಕೊನೆಗೆ ಎಲ್ಲಿ ನಿಲ್ಲುತ್ತದೋ ಅದರ ಮೇಲೆ ಇನ್ನೂ ಒಂದಷ್ಟು ಅಡಿ ಖಾಲಿ ಶಾಫ್ಟ್ ಬೇಕೇ ಬೇಕು. ಲಿಫ್ಟ್ ಛಾವಣಿಗೆ ಬಂದರೆ ಆ ಡಬ್ಬಿ ರೂಮಿನ ನೆತ್ತಿಯನ್ನೂ ಮೀರಿ ನಿಲ್ಲುತ್ತದೆ. ಐದನೇ ಮಹಡಿಗೇ ನಿಂತರೆ ಛಾವಣಿಯ ಮೇಲೆ ಸಣ್ಣ ಉಬ್ಬು ಮಾತ್ರ.

ಅವರು ಕೇಳಿದರು, “ಅಮ್ಮನವರ ರೂಮು ಎಷ್ಟನೇ ಮಹಡಿಯಲ್ಲಿ ಬರುತ್ತೆ?”

“ಮೂರನೇದರಲ್ಲಿ” ಎಂದರು ಹೆಂಡತಿ. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮ ಟೆರೇಸಿಗೆ ಬರುವವರೇ ಅಲ್ಲ. ಅವರಿಗೆ ಎತ್ತರ ಅಂದರೆ ಭಯ” ಎಂದು ಸೇರಿಸಿದರು.

ಅಲ್ಲಿಗೆ ಮುಗಿಯಿತು. ಲಿಫ್ಟ್ ಅಜ್ಜಿಗೆ ಬೇಕಾಗಿತ್ತು, ಲಿಫ್ಟ್ ಛಾವಣಿಗೆ ಹೋಗುವುದು ಟೆರೇಸಿನ ಮೇಲಿನ ಪಾರ್ಟಿಗಳಿಗೆ ಬೇಕಾಗಿತ್ತು. ಎರಡನ್ನೂ ಒಂದೇ ಬೇಡಿಕೆ ಎಂದು ನಾವೆಲ್ಲ ಅಷ್ಟು ದಿನ ಹೊತ್ತು ತಿರುಗಿದ್ದೆವು. ಲಿಫ್ಟ್ ಐದಕ್ಕೆ ನಿಲ್ಲಿಸಿದೆವು. ರೂಮನ್ನು ಹಿಂದಕ್ಕೆ ತಳ್ಳಿ, ಚಾವಣಿ ತಗ್ಗಿಸಿದೆವು. ಎರಡನೇ ಸಲ ಬಲೆ ಕಟ್ಟಿದಾಗ ಅವೆನ್ಯೂ ಕಡೆಯ ಒಂದೇ ಜಾಗದಿಂದ ಒಂದು ಗೆರೆಯಷ್ಟು ಕಂಡಿತು. ಕಮಿಷನ್ ಒಪ್ಪಿತು. ಪಾರ್ಕಿನ ನೋಟ ಮಾತ್ರ ಅರ್ಧ ಹೋಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಯಜಮಾನರು ಇವತ್ತಿಗೂ ಆ ಮಾತು ತೆಗೆಯುತ್ತಾರೆ.

ಗೋಡೆಯ ಒಳಗೆ

ಕಿಟಕಿಗೆಂದು ಸ್ಕ್ಯಾಫೋಲ್ಡಿಂಗ್ ಹಾಕಿದ ಮೇಲೆ ಕಲ್ಲನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಕಲ್ಲುಕೆಲಸದ ಮೇಸ್ತ್ರಿ ಮರದ ಸುತ್ತಿಗೆ ಹಿಡಿದು ಬಾಲ್ಕನಿಯ ಒಂದೊಂದು ಕಲ್ಲನ್ನೂ ತಟ್ಟುತ್ತಾ ಹೋದರು. ಗಟ್ಟಿ ಇದ್ದ ಕಡೆ ಟಣ್ ಎಂದಿತು. ಎಡಗಡೆಯ ಆಧಾರದ ಹತ್ತಿರ ಬೊಳ್ ಎಂದಿತು. ಅಲ್ಲಿ ಕೆನೆ ಬಣ್ಣದ ಪೇಂಟ್ ಬಳಿದಿದ್ದರು. ಪೇಂಟ್ ಎಬ್ಬಿಸಿದರೆ ಬಿರುಕು, ಬಿರುಕಿನ ಒಳಗೆ ಕಲ್ಲನ್ನು ಹಿಡಿದಿಟ್ಟ ಕಬ್ಬಿಣದ ಕೊಕ್ಕೆ. ತುಕ್ಕು ಹಿಡಿದು ಚಿರೋಟಿ ಥರ ಪದರ ಪದರವಾಗಿ ಎದ್ದಿತ್ತು. ಕಬ್ಬಿಣ ತುಕ್ಕು ಹಿಡಿದರೆ ಉಬ್ಬುತ್ತದೆ. ಉಬ್ಬಿದ ಕಬ್ಬಿಣ ಕಲ್ಲನ್ನು ಸೀಳುತ್ತದೆ. ಕೆಳಗೆ ಜನ ಓಡಾಡುವ ಫುಟ್‌ಪಾತು.

ತುಕ್ಕಿಗೆ ನೀರು ಬಂದದ್ದು ಎಲ್ಲಿಂದ? ಯಾವಾಗಲೋ ಯಾರೋ ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿದ್ದರು. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ಒಳಗೆ ಸೇರಿದ ತೇವ ಸಂದಿನಿಂದಲೇ ಹೊರಗೆ ಹೋಗಬೇಕು. ಸಿಮೆಂಟು ಅದಕ್ಕೆ ಬಿಡಲಿಲ್ಲ. ಪೇಂಟು ಇನ್ನಷ್ಟು ಕೆಡಿಸಿತು. ಕಲೆ ಮುಚ್ಚಲು ಬಳಿದ ಬಣ್ಣ ಒಳಗಿನ ಹಾಳನ್ನು ಬೆಳೆಸಿತು.

ಇಲ್ಲಿ ಮಾಲೀಕರು ಜಾಣತನದ ಒಂದು ನಿರ್ಧಾರ ಮಾಡಿದರು. ಕಾನೂನು ಕೇಳಿದ್ದು ಕಿಟಕಿ, ಬಾಗಿಲು. ಐದು ಅಂತಸ್ತಿನ ಮನೆಯಾದ್ದರಿಂದ, ಆರಕ್ಕಿಂತ ಎತ್ತರದ ಕಟ್ಟಡಗಳಿಗೆ ಇರುವ ಮುಂಗೋಡೆ ತಪಾಸಣೆಯ ಕಡ್ಡಾಯವೂ ಇದಕ್ಕಿರಲಿಲ್ಲ. ಬಿರುಕಿಗೆ ತೇಪೆ ಹಚ್ಚಿ ಮುಗಿಸಬಹುದಿತ್ತು. ಆದರೆ ಸ್ಕ್ಯಾಫೋಲ್ಡಿಂಗ್ ಆಗಲೇ ನಿಂತಿತ್ತು, ಅದೇ ದೊಡ್ಡ ಖರ್ಚು. ಗಾಜಿನ ರೂಮು ಚಿಕ್ಕದಾಗಿ ಉಳಿದ ದುಡ್ಡನ್ನು ಗೋಡೆಗೆ ಹಾಕಿದರು. ಕೊಕ್ಕೆಗಳನ್ನು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಿದರು. ಸೀಳಿದ ಜಾಗವನ್ನು ಚೌಕವಾಗಿ ಕತ್ತರಿಸಿ ಹೊಸ ಕಲ್ಲು ಕೂರಿಸಿದರು, ಕಸುಬಿನವರು ಇದಕ್ಕೆ ಡಚ್‌ಮನ್ ಅನ್ನುತ್ತಾರೆ. ಇಂಡಿಯಾನಾದ ಕ್ವಾರಿಗಳು ಇನ್ನೂ ನಡೆಯುತ್ತಿರುವುದರಿಂದ ಒಪ್ಪುವ ಕಲ್ಲು ಸಿಗುತ್ತದೆ. ಸಿಮೆಂಟು ಕೆರೆದು ಸುಣ್ಣದ ಗಾರೆ ತುಂಬಿದರು. ಪೇಂಟ್ ತೆಗೆಯಲು ಮರಳು ಊದುವಂತಿಲ್ಲ, ಕಲ್ಲಿನ ಮೇಲ್ಪದರವೇ ಹೋಗುತ್ತದೆ. ಮೂಲೆಯಲ್ಲಿ ಸಣ್ಣ ಜಾಗಕ್ಕೆ ಮದ್ದು ಹಚ್ಚಿ ನೋಡಿ, ಸಿಬ್ಬಂದಿಗೆ ತೋರಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿದರು.

ನೆರವಿನ ಹಣ ಏನಾದರೂ ಸಿಗುತ್ತದಾ ಎಂದು ಕೇಳಿದ್ದರು. ಕೇಂದ್ರ ಸರ್ಕಾರದ ಶೇ. 20ರ ತೆರಿಗೆ ರಿಯಾಯಿತಿ ಆದಾಯ ತರುವ ಹಳೇ ಕಟ್ಟಡಗಳಿಗೆ, ವಾಸದ ಮನೆಗಲ್ಲ.

ಯಾರೂ ಕಾಯದ ಮೆಟ್ಟಿಲು

ಲಿಫ್ಟ್ ಶಾಫ್ಟ್ ಎಲ್ಲಿ ಬರಬೇಕು ಎಂಬುದಕ್ಕೆ ಎರಡು ಜಾಗ ಇತ್ತು. ಒಂದು, ಸುತ್ತುಮೆಟ್ಟಿಲಿನ ನಡುವಿನ ಖಾಲಿ ಜಾಗ. ಅಲ್ಲಿ ಕೂರಿಸುವುದು ಸುಲಭ, ಅಗ್ಗ. ಇನ್ನೊಂದು, ಮನೆಯ ಹಿಂಭಾಗದಲ್ಲಿ ಒಂದರ ಮೇಲೊಂದು ಬರುವ ಬೀರು, ಸಣ್ಣ ಕೋಣೆಗಳ ಜಾಗ. ಅಲ್ಲಿ ಪ್ರತಿ ಮಹಡಿಯ ತೊಲೆ ಕತ್ತರಿಸಿ ಹೊಸ ಆಧಾರ ಕೊಡಬೇಕು.

ಈ ಮನೆಯಲ್ಲಿ ಅತ್ಯಂತ ಚೆಲುವಾದದ್ದು ಯಾವುದು ಎಂದು ಕೇಳಿದರೆ ನಾನು ಆ ಮೆಟ್ಟಿಲು ಎನ್ನುತ್ತೇನೆ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಒಳಾಂಗಣ ಲ್ಯಾಂಡ್‌ಮಾರ್ಕ್ ಆಗುವುದು ಸಾರ್ವಜನಿಕರು ಬಂದು ಹೋಗುವ ಜಾಗಗಳು ಮಾತ್ರ, ಉದಾಹರಣೆಗೆ ಗ್ರ್ಯಾಂಡ್ ಸೆಂಟ್ರಲ್‌ನ ಹಾಲ್. ಖಾಸಗಿ ಮನೆಯ ಒಳಗೆ ಕಮಿಷನ್ ತಲೆ ಹಾಕುವುದಿಲ್ಲ. ಅಲ್ಯೂಮಿನಿಯಂ ಕಿಟಕಿಗೆ ಅಷ್ಟು ಓಡಾಡಿಸಿದ ಕಾನೂನಿನ ಕೈಯಿಂದ ಮೆಟ್ಟಿಲು ಕಡಿಯಲು ಅನುಮತಿ ಸಲೀಸಾಗಿ ಬರುತ್ತಿತ್ತು. ಬೆಂಕಿ ಬಿದ್ದರೆ ಹೊರಬೀಳುವ ದಾರಿಯ ಲೆಕ್ಕ ಸರಿ ಇದ್ದರೆ ಕಟ್ಟಡ ಇಲಾಖೆಗೂ ಅಭ್ಯಂತರ ಇರುತ್ತಿರಲಿಲ್ಲ.

ಮಾಲೀಕರು ಹಿಂಭಾಗವನ್ನೇ ಆರಿಸಿದರು. ಯಾರೂ ಒತ್ತಾಯ ಮಾಡಲಿಲ್ಲ. ಆ ಹೊತ್ತಿಗೆ ಅವರೇ 1940ರ ಫೋಟೋವನ್ನು ದೊಡ್ಡದು ಮಾಡಿಸಿ ಅಡುಗೆಮನೆಯಲ್ಲಿ ತೂಗುಹಾಕಿದ್ದರು. ಮೊದಲ ದಿನವೇ ಈ ಪ್ರಶ್ನೆ ಬಂದಿದ್ದರೆ ಲಿಫ್ಟ್ ಮೆಟ್ಟಿಲಿನ ನಡುವೆಯೇ ಬರುತ್ತಿತ್ತು ಎಂಬುದು ನನ್ನ ಅಂದಾಜು. ಆದ್ದರಿಂದಲೇ ಈಗ ನಮ್ಮ ಕಚೇರಿಯಲ್ಲಿ ಹೊಸ ಕೆಲಸ ಬಂದರೆ ನಕ್ಷೆಗಿಂತ ಮೊದಲು ಹಳೇ ಫೋಟೋ ತರಿಸುತ್ತೇವೆ, ಮಾಲೀಕರ ಮುಂದೆ ಇಡುತ್ತೇವೆ. ಕೊಳ್ಳುವ ಮುಂಚೆಯೇ ಕೇಳಿಕೊಂಡು ಬಂದವರಿಗೆ ಲ್ಯಾಂಡ್‌ಮಾರ್ಕ್ಸ್ ವಯಲೇಷನ್ ಪಟ್ಟಿಯನ್ನು ಬೇರೆಯಾಗಿ ತೆಗೆಸಲು ಹೇಳುತ್ತೇವೆ. ಬೇಡಿಕೆಗಳ ಪಟ್ಟಿಯಲ್ಲಿ ಯಾವುದು ಯಾರಿಗೆ ಬೇಕು ಎಂದು ಹೆಸರು ಬರೆಸುತ್ತೇವೆ. ಆ ಹೆಸರು ಬರೆಸುವ ಅಭ್ಯಾಸ ಶುರುವಾದದ್ದು ಈ ಮನೆಯಿಂದ.

ಕೊನೆಗೆ ಬಂದದ್ದು ಬಾಗಿಲು. ಕಮ್ಮಾರರದು ನಿಧಾನದ ಕೆಲಸ, ಅದು ಕೂರುವವರೆಗೆ ವಯಲೇಷನ್ ಕಡತದಲ್ಲೇ ಇತ್ತು. ಮುಗಿದ ಮೇಲೆ ಫೋಟೋ ಕಳಿಸಿ, ಅನುಮತಿ ಕೊಟ್ಟಂತೆಯೇ ಕೆಲಸ ಆಗಿದೆ ಎಂಬ ನೋಟಿಸ್ ಆಫ್ ಕಂಪ್ಲಯನ್ಸ್ ಪಡೆದರು. ಅಜ್ಜಿ ಅದಕ್ಕೂ ಮುಂಚೆಯೇ ಲಿಫ್ಟಿನಲ್ಲಿ ಓಡಾಡುತ್ತಿದ್ದರು. ಈಗ ಮಾಲೀಕರ ಗೊಣಗಾಟ ಮರದ ಕಿಟಕಿಗಳದ್ದು, ಕೆಲವು ವರ್ಷಕ್ಕೊಮ್ಮೆ ಬಣ್ಣ ಬಳಿಸಬೇಕಲ್ಲ ಎಂದು. ಇರುವ ಬಣ್ಣವನ್ನೇ ಮತ್ತೆ ಬಳಿಸಲು ಅನುಮತಿ ಬೇಡ. ಬೇರೆ ಬಣ್ಣ ಬೇಕೆಂದರೆ ಮತ್ತೆ ಅರ್ಜಿ ಹಾಕಬೇಕು.